ಸಹಾಯ ಬೇಕು: ಇಳಿಜಾರಲ್ಲಿ ಬ್ರೇಕ್ ಪೆಡಲ್ ಮೆತ್ತಗಾಗ್ತಿದೆ

ಎಲ್ರಿಗೂ ನಮಸ್ಕಾರ, ನಾನು ಮೂಡಿಗೆರೆ ಕಡೆಯವ್ನು. ಮೊದಲ್ನೇ ಸಲ ರ‍್ಯಾಲಿಗೆ ಇಳಿಯೋಣ ಅಂತ ಹಳೇ ಹ್ಯಾಚ್‌ಬ್ಯಾಕ್ ರೆಡಿ ಮಾಡ್ತಿದೀನಿ, ಪ್ರಾಕ್ಟೀಸ್ ಎಲ್ಲಾ ಮಾವನ ಕಾಫಿ ತೋಟದ ಒಳಗೇ, ಗೇಟ್ ಹಾಕ್ಸಿ, ಚಾರ್ಮಾಡಿ ಘಾಟಿಲಿ ಜನ ಬಸ್ಸು ಓಡಾಡೋ ಕಡೆ ಯಾವತ್ತೂ ಇಲ್ಲ. ಹತ್ತುವಾಗ ತೊಂದ್ರೆ ಇಲ್ಲ, ಇಳಿಯುವಾಗ ಮೂರ್ನೇ ರೌಂಡಿಗೆ ಪೆಡಲ್ ಸ್ಪಂಜಿನ ತರ ಆಗಿ ಕೆಳಗೆ ಹೋಗುತ್ತೆ, ಸ್ವಲ್ಪ ಹೊತ್ತು ನಿಲ್ಸಿದ್ರೆ ಮತ್ತೆ ಸರಿ. ಬ್ರೇಕ್ ಫ್ಲೂಯಿಡ್ ಬಿಸಿಗೆ ಕುದೀತಿರ್ಬೇಕು, ಬದ್ಲಾಯ್ಸಿ ಮೂರು ಮಳೆಗಾಲ ಆಯ್ತು, ನಮ್ಮೂರ ತೇವ ಗೊತ್ತಲ್ಲ. ಡಾಟ್ 4 ದರ್ಜೆ ಫ್ಲೂಯಿಡ್ ಹೊಸದಿದ್ದಾಗ ಕುದೀದೆ ಕನಿಷ್ಠ 230 ಡಿಗ್ರಿ ತಡ್ಯುತ್ತೆ, ನೀರು ಸೇರಿದ್ರೆ 155ರವರೆಗೂ ಇಳೀಬಹುದು.

ಚಿಕ್ಕಮಗಳೂರಲ್ಲಿ ರ‍್ಯಾಲಿ ಗಾಡಿ ಕೆಲಸ ಗೊತ್ತಿರೋ, ನಿಂತು ಸರಿಯಾಗಿ ಬ್ಲೀಡ್ (ಬ್ರೇಕ್ ಲೈನಿಂದ ಗಾಳಿ, ಹಳೇ ಫ್ಲೂಯಿಡ್ ತೆಗ್ಯೋದು) ಮಾಡ್ಕೊಡೋ ಮೆಕ್ಯಾನಿಕ್ ಯಾರಾದ್ರೂ ಇದಾರಾ? ಪ್ಯಾಡೂ ಬದ್ಲಾಯಿಸ್ಬೇಕಾ? ಪಕ್ಕದಲ್ಲಿ ಕೂತು ದಾರಿಯ ತಿರುವಿನ ನೋಟ್ಸ್ ಓದೋದು ನನ್ ತಂಗಿ, ಅವಳನ್ನ ಕೂರ್ಸ್ಕೊಂಡು ಇಂಥ ಬ್ರೇಕಲ್ಲಿ ನಾನಂತೂ ಹೊರಡಲ್ಲ. ಗೊತ್ತಿರೋರು ದಯವಿಟ್ಟು ಹೇಳಿ ಅಣ್ಣಂದಿರೇ.