ಕಚೇರಿ, ರೆಕಾರ್ಡಿಂಗ್, ಪಾಠ: ಗಂಟಲು ಮಾತ್ರ ಒಂದೇ

ಚಿಕ್ಕಬಳ್ಳಾಪುರದಲ್ಲಿದ್ದೇನೆ. ಕರ್ನಾಟಕ ಸಂಗೀತದಲ್ಲಿ ಸೀನಿಯರ್ ಪರೀಕ್ಷೆ ಆಗಿದೆ, ಅದರ ಮೇಲಿನ ಪರೀಕ್ಷೆಯಾದ ವಿದ್ವತ್‌ಗೆ ತಯಾರಿ ನಡೆದಿದೆ. ಇರೋ ಕೆಲಸ ಬಿಟ್ಟು ಹಾಡೋದನ್ನೇ ನಂಬಿಕೊಳ್ಳಬಹುದಾ? ಅನುಭವ ಇರುವವರು ದಯವಿಟ್ಟು ಹೇಳಿ.

ಕೋಲಾರದಿಂದ:
ಮೊದಲು ದುಡ್ಡಿನ ಮಾತು ಆಡಿಬಿಡೋಣ. ನನ್ನ ಮನೆ ನಡೆಯೋದು ಪಾಠದಿಂದ. ದೇವಸ್ಥಾನದವರು ಸಂಗೀತ ಕಚೇರಿಗೆ ಒಟ್ಟಾಗಿ ಇಷ್ಟು ಅಂತ ಕೊಡುತ್ತಾರೆ. ಬೆಂಗಳೂರಿಂದ ಬರುವ ಪಿಟೀಲು, ಮೃದಂಗದವರ ಸಂಭಾವನೆ, ಕಾರಿನ ಖರ್ಚು ಎಲ್ಲ ಅದರಲ್ಲೇ. ಎಷ್ಟೋ ಸಲ ನನಗೆ ಉಳಿದದ್ದು ಶಾಲು, ಹಣ್ಣಿನ ತಟ್ಟೆ. ಪಕ್ಕವಾದ್ಯದವರದ್ದು ಬೇರೆ ಕೊಡುತ್ತೀರಾ ಅಂತ ಒಪ್ಪಿಕೊಳ್ಳುವ ಮೊದಲೇ ಕೇಳಿ. ಸಂಕೋಚ ಬೇಡ.

ಆದರೆ ಪಾಠದಲ್ಲಿ ಗಂಟಲು ಸವೆಯುತ್ತೆ. ಇದನ್ನು ಯಾರೂ ಹೇಳಲ್ಲ. ಸಂಜೆ ಪೂರ್ತಿ ಮಕ್ಕಳ ಜೊತೆ ಜಂಟಿ ವರಸೆ (ಸ್ವರಗಳನ್ನು ಜೋಡಿ ಜೋಡಿಯಾಗಿ ಹಾಡುವ ಆರಂಭದ ಪಾಠ) ಮೂರು ಕಾಲದಲ್ಲೂ, ಅಂದರೆ ಮೂರು ವೇಗದಲ್ಲೂ ಹಾಡಿ, ಆಮೇಲೆ ಮೇಲಿನ ಷಡ್ಜಕ್ಕೆ, ಅಂದರೆ ಮೇಲಿನ 'ಸ'ಗೆ ಹೋದರೆ ಬರೀ ಗಾಳಿ. ಈಗ ಒಂದು ಸಾಲು ಹಾಡಿ ತೋರಿಸಿ, ಒಬ್ಬೊಬ್ಬರ ಕೈಲೂ ಹಾಡಿಸುತ್ತೇನೆ. ನಾನು ತಾಳ ಹಾಕುತ್ತಾ ಕೇಳುತ್ತೇನೆ ಅಷ್ಟೇ. ತಪ್ಪೂ ಬೇಗ ಸಿಗುತ್ತೆ. ಗುಂಪಿನಲ್ಲಿ ಹಾಡಿದರೆ ಶ್ರುತಿ ಸೇರದವರು ಆರಾಮಾಗಿ ಬಚಾವಾಗುತ್ತಾರಲ್ವಾ! ಕಚೇರಿಯ ಹಿಂದಿನ ದಿನ ಪಾಠಕ್ಕೆ ರಜೆ. ಬೆಳಗ್ಗೆ ನಿಮ್ಮ ಸ್ವಂತ ಅಭ್ಯಾಸದ ಹೊತ್ತಲ್ಲಿ ಯಾರಿಗೂ ಪಾಠ ಒಪ್ಪಿಕೊಳ್ಳಬೇಡಿ, ಫೀಸು ಎಷ್ಟೇ ಕೊಡಲಿ.

ಇನ್ನೊಂದು, ನಮ್ಮ ಕಡೆ ಕೇಳುಗರಿಗೆ ತೆಲುಗು ಚೆನ್ನಾಗಿ ಬರುತ್ತೆ. ತ್ಯಾಗರಾಜರ ಕೃತಿಯಲ್ಲಿ ಪದವನ್ನು ಎಲ್ಲೆಲ್ಲೋ ಮುರಿದರೆ ಮುಂದೆ ಕೂತ ಅಜ್ಜಿ ಅಲ್ಲೇ ಹುಬ್ಬು ಗಂಟಿಕ್ಕುತ್ತಾರೆ. ಅರ್ಥ ತಿಳಿದುಕೊಂಡೇ ಪಾಠ ಮಾಡಿಕೊಳ್ಳಿ.

ತುಮಕೂರಿನಿಂದ:
ರೆಕಾರ್ಡಿಂಗ್ ಬಗ್ಗೆ ಮಾತ್ರ ಹೇಳ್ತೀನಿ. ಅದರಿಂದ ನನಗೆ ದುಡ್ಡು ಬಂದಿಲ್ಲ, ಕಚೇರಿಗಳು ಬಂದಿವೆ. ಸ್ಟುಡಿಯೊಗೆ ಸುರಿಯುವ ಮೊದಲು ಮನೆಯಲ್ಲೇ ರೂಢಿ ಮಾಡಿ. ಫ್ಯಾನ್ ಆಫ್ ಮಾಡಿ, ಕುಕ್ಕರ್ ಕೂಗುವ ಹೊತ್ತು ತಪ್ಪಿಸಿ. ತಂಬೂರಿ ಆ್ಯಪ್ ಹೆಡ್‌ಫೋನಿನಲ್ಲಿರಲಿ, ಮೈಕಿಗೆ ದನಿ ಮಾತ್ರ ಹೋಗಲಿ. ಎರಡೂ ಸೇರಿಬಿಟ್ಟರೆ ಆಮೇಲೆ ಬಿಡಿಸೋದು ಕಷ್ಟ. ಆಕಾಶವಾಣಿ ಆಡಿಷನ್ನೂ ಕೊಡಿ. ಅಲ್ಲಿ ಶುರುವಿನ ದರ್ಜೆಯಾದ ಬಿ ಗ್ರೇಡ್ ಸಿಕ್ಕರೂ ಸಂಘಟಕರು ಮಾತಾಡಿಸೋ ಧಾಟಿಯೇ ಬೇರೆಯಾಗುತ್ತೆ.

ಚಿಂತಾಮಣಿಯಿಂದ:
ಗುರುಪೂರ್ಣಿಮೆಗೆ ಕೈವಾರದಲ್ಲಿ 72 ಗಂಟೆ ಬಿಡದೆ ಸಂಗೀತ ನಡೆಯುತ್ತಲ್ಲ, ನಿಮಗೆ ಹತ್ತಿರವೇ. ಅಲ್ಲಿನ ಸಂತಕವಿ ತಾತಯ್ಯನವರ (ಯೋಗಿ ನಾರೇಯಣರ) ಒಂದೆರಡು ಹಾಡು ಕಲಿತು ಅವಕಾಶ ಕೇಳಿ. ನಡುರಾತ್ರಿ ಹೊತ್ತು ಕೊಟ್ಟರೂ ಬೇಡ ಅನ್ನಬೇಡಿ. ಕೆಲಸ ಮಾತ್ರ ಸದ್ಯಕ್ಕೆ ಬಿಡಬೇಡಿ, ವಿದ್ವತ್ ಮುಗಿಯಲಿ.