ಬೆಂಕಿಗೆ ಇಂಧನವೋ, ತುಪ್ಪವೋ?

ಮಲ್ಲಿಗೆ: ‘ಹೇಳಿಕೆಯು ವಿವಾದಕ್ಕೆ ಇಂಧನ ಒದಗಿಸಿದೆ’ ಅಂತ ಇವತ್ತು ಪೇಪರಿನಲ್ಲಿ ಓದಿದೆ. ಇಂಗ್ಲಿಷಿನ ‘ಆ್ಯಡ್ ಫ್ಯುಯೆಲ್ ಟು ದ ಫೈರ್’ ಅನ್ನು ಹಾಗೇ ಎತ್ತಿಟ್ಟಿದ್ದಾರೆ. ‘ಉರಿಯೋ ಬೆಂಕಿಗೆ ತುಪ್ಪ ಸುರಿದ ಹಾಗೆ’ ನಮ್ಮಲ್ಲೇ ಇರುವಾಗ ಇದ್ಯಾಕೆ?

ಹಳೇ ಪ್ರೂಫ್ ರೀಡರ್: ರಾತ್ರಿ ಹನ್ನೊಂದಕ್ಕೆ ಡೆಸ್ಕಿನಲ್ಲಿ ಕೂತು ಏಜೆನ್ಸಿ ಸುದ್ದಿ ಅನುವಾದ ಮಾಡಿ ನೋಡಿ ಮೇಡಂ! ಇಂಧನ ತಪ್ಪೇನಲ್ಲ. ಆ ಮಾತು ಇಂಗ್ಲಿಷಿನವರ ಸ್ವಂತದ್ದೂ ಅಲ್ಲ. ‘ಒಲೆಗೆ ಎಣ್ಣೆ ಸುರಿ’ ಅಂತ ರೋಮಿನ ಕವಿ ಹೊರೇಸ್ ಬರೆದು 2,000 ವರ್ಷ ದಾಟಿದೆ. ಅವರಿಗೆ ಎಣ್ಣೆ, ನಮಗೆ ತುಪ್ಪ, ಅಷ್ಟೇ.

ಕರಾವಳಿ ಹುಡುಗ: ಅದೇ ಇಂಗ್ಲಿಷಿನಲ್ಲಿ ಕದಡಿದ ನೀರಿಗೆ ಎಣ್ಣೆ ಸುರಿಯೋದು ಅಂದರೆ ಜಗಳ ತಣ್ಣಗೆ ಮಾಡೋದು! ಬೆಂಜಮಿನ್ ಫ್ರಾಂಕ್ಲಿನ್ ಲಂಡನ್ನಿನ ಕ್ಲಾಪಮ್‌ನಲ್ಲಿ ಒಂದು ಕೊಳಕ್ಕೆ ಟೀ ಚಮಚದಷ್ಟು ಎಣ್ಣೆ ಹಾಕಿದ. ಅರ್ಧ ಎಕರೆಯಷ್ಟು ನೀರು ಕನ್ನಡಿ ಥರ ನಿಂತಿತಂತೆ. 1774ರಲ್ಲಿ ಅದು ಅಚ್ಚಾಯಿತು. ನಮ್ಮಲ್ಲಿ ಎಣ್ಣೆ ಸೀಗೆಕಾಯಿ ಜೊತೆಗೂ ಕಿತ್ತಾಡುತ್ತೆ 😄

ಮಲ್ಲಿಗೆ: ದಾರಿ ತಪ್ಪಿಸಬೇಡಿ. ಸೌದೆ ಯಾರು ಬೇಕಾದರೂ ಒಡ್ಡುತ್ತಾರೆ. ತುಪ್ಪ ಬಡಿಸೋದು ಪ್ರೀತಿಯಿಂದ. ನಮ್ಮನೆ ಕತೆ ಕೇಳಿ. ಬದುವಿನ ವಿಚಾರಕ್ಕೆ ಅಪ್ಪನಿಗೂ ಚಿಕ್ಕಪ್ಪನಿಗೂ ಮಾತು ನಿಂತಿತ್ತು. ಯುಗಾದಿಗೆ ಹೇಗೋ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂತರು. ಒಬ್ಬಟ್ಟು ಬಂತು. ಆಗ ಸೋದರತ್ತೆ ಚಿಕ್ಕಪ್ಪನಿಗೆ, ‘ಅಣ್ಣನಿಗೆ ನಿನ್ನ ಮೇಲೆ ಎಷ್ಟು ಕನಿಕರ ಕಣೋ! ಆ ಎರಡು ಅಡಿ ಅವನೇ ಇಟ್ಕೊಳ್ಳಲಿ, ಗತಿ ಇಲ್ಲದವನು ಅಂದ’ ಅಂದರು. ಚಿಕ್ಕಪ್ಪ ಎಲೆ ಮಡಚಿ ಎದ್ದರು. ‘ನಾನು ಒಳ್ಳೇದಕ್ಕೇ ಹೇಳಿದ್ದು’ ಅಂತ ಅತ್ತೆ ಇವತ್ತಿಗೂ ಅನ್ನುತ್ತಾರೆ. ಇದಕ್ಕೆ ‘ಇಂಧನ ಒದಗಿಸಿದರು’ ಅಂತೀರಾ?

ಹಳೇ ಪ್ರೂಫ್ ರೀಡರ್: ಅದು ಫಿಟ್ಟಿಂಗ್ ಇಡೋದು. ಬೇರೆ ಮಾತು.

ಮಲ್ಲಿಗೆ: ಫಿಟ್ಟಿಂಗ್ ಇಡೋರಿಗೆ ಗೊತ್ತಿರುತ್ತೆ ಸಾರ್. ಅತ್ತೆಗೆ ಗೊತ್ತಿರಲಿಲ್ಲ.

ಅಡುಗೆ ಭಟ್ಟ: ಹಾಗಾದರೆ ಅತ್ತೆ ಸುರಿದದ್ದು ತುಪ್ಪವಲ್ಲ, ನೀರು. ಬಾಣಲೆ ಎಣ್ಣೆಗೆ ಬೆಂಕಿ ಹತ್ತಿದರೆ ಜನ ಗಾಬರಿಯಲ್ಲಿ ನೀರು ಸುರಿಯುತ್ತಾರೆ. ನೀರು ಎಣ್ಣೆ ಕೆಳಗೆ ಇಳಿದು ಒಂದೇ ಸಲಕ್ಕೆ ಆವಿಯಾಗಿ, ಉರಿಯೋ ಎಣ್ಣೆಯನ್ನು ಸೂರಿನವರೆಗೂ ಎರಚುತ್ತೆ. ಸುಮ್ನೆ ಗ್ಯಾಸ್ ಆರಿಸಿ ಮುಚ್ಚಳ ಮುಚ್ಚಬೇಕು.

ಮಲ್ಲಿಗೆ: ನಮ್ಮ ಅತ್ತೆಗೆ ಆಗೋ ಸೈಜಿನ ಮುಚ್ಚಳ ಎಲ್ಲಿ ಸಿಗುತ್ತೆ ಭಟ್ಟರೇ?

ಹಳೇ ಪ್ರೂಫ್ ರೀಡರ್: ಸಿಕ್ಕರೆ ನಮ್ಮನೆಗೂ ಒಂದು. ಆದರೆ ‘ಇಂಧನ’ವನ್ನು ನಾನು ಹೊಡೆದು ಹಾಕಲ್ಲ.