ಕ್ರಿಸ್‌ಮಸ್ ರಸಪ್ರಶ್ನೆ: ಈ ಐದು ಉತ್ತರಗಳಲ್ಲಿ ಎಷ್ಟು ಸರಿ?

ಓದುಕಟ್ಟೆ:

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ವಾಚನಾಲಯದಲ್ಲಿ ಪ್ರತಿ ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್ ಕುರಿತು ರಸಪ್ರಶ್ನೆ ಸ್ಪರ್ಧೆ ನಡೆಯುತ್ತದೆ. ಈ ಸಲ ಪ್ರಶ್ನೆಗಳನ್ನು ಸಿದ್ಧಪಡಿಸುವ ಹೊಣೆ ನನ್ನ ಹೆಗಲಿಗೆ ಬಿದ್ದಿದೆ. ಕಳೆದ ವರ್ಷ ಸ್ಪರ್ಧಿಯಾಗಿ ಕುಳಿತಿದ್ದಾಗ, ಸಾಂಟಾಕ್ಲಾಸ್‌ಗೆ ಕೆಂಪು ಅಂಗಿ ತೊಡಿಸಿದವರು ಯಾರು ಎಂಬ ಪ್ರಶ್ನೆಗೆ ‘ಕೋಕಾ-ಕೋಲಾ’ ಎಂದು ಉತ್ತರಿಸಿ ಹತ್ತು ಅಂಕ ಪಡೆದಿದ್ದೆ. ಹಿಂದಿನ ಸಾಲಿನಲ್ಲಿದ್ದ ನಿವೃತ್ತ ಅಧ್ಯಾಪಕರೊಬ್ಬರು ಎದ್ದು ನಿಂತು ಅದು ತಪ್ಪೆಂದು ಹೇಳಿದರಾದರೂ, ಅವರು ಕಾರಣ ಹೇಳುವಷ್ಟರಲ್ಲಿ ಮುಂದಿನ ಪ್ರಶ್ನೆ ಬಂದುಬಿಟ್ಟಿತ್ತು. ನಮ್ಮ ತಂಡ ಗೆದ್ದದ್ದು ಆ ಹತ್ತು ಅಂಕದಿಂದಲೇ ಆದ್ದರಿಂದ ಅಂದಿನಿಂದ ಮನಸ್ಸಿಗೆ ಸಮಾಧಾನವಿಲ್ಲ.

ಈ ಪ್ರಶ್ನೆಯ ಜೊತೆಗೆ ಇನ್ನೂ ನಾಲ್ಕು ಪ್ರಶ್ನೆಗಳನ್ನು ಬರೆದಿಟ್ಟುಕೊಂಡಿದ್ದೇನೆ. ಬಾಹ್ಯಾಕಾಶದಲ್ಲಿ ಕೇಳಿಬಂದ ಮೊದಲ ಹಾಡು ಯಾವುದು (ಜಿಂಗಲ್ ಬೆಲ್ಸ್), ಇಂಗ್ಲೆಂಡಿನಲ್ಲಿ ಕ್ರಿಸ್‌ಮಸ್ ಹಬ್ಬವನ್ನು ನಿಷೇಧಿಸಿದವನು ಯಾರು (ಆಲಿವರ್ ಕ್ರಾಮ್‌ವೆಲ್), ಆ ದೇಶಕ್ಕೆ ಕ್ರಿಸ್‌ಮಸ್ ಮರವನ್ನು ಮೊದಲು ತಂದವನು ಯಾರು (ರಾಣಿ ವಿಕ್ಟೋರಿಯಾಳ ಪತಿ ರಾಜಕುಮಾರ ಆಲ್ಬರ್ಟ್), ಸಾಂಟಾನ ಬಂಡಿ ಎಳೆಯುವ ಹಿಮಸಾರಂಗಗಳು ಎಷ್ಟು (ಒಂಬತ್ತು). ತಿಳಿದವರು ದಯವಿಟ್ಟು ಪರಿಶೀಲಿಸಿ ಹೇಳಬೇಕು.

ಹಳೆಯಪುಟ:

ಆ ಅಧ್ಯಾಪಕರು ಹೇಳಿದ್ದೇ ಸರಿ. ಕೋಕಾ-ಕೋಲಾ ಕಂಪನಿಗಾಗಿ ಹ್ಯಾಡನ್ ಸಂಡ್‌ಬ್ಲಮ್ ಎಂಬ ಚಿತ್ರಕಾರ ಸಾಂಟಾನನ್ನು ಬರೆಯತೊಡಗಿದ್ದು 1931ರಲ್ಲಿ. ಚಳಿಗಾಲದಲ್ಲೂ ಜನ ತಂಪುಪಾನೀಯ ಕುಡಿಯುವಂತೆ ಮಾಡುವುದು ಕಂಪನಿಯ ಉದ್ದೇಶವಾಗಿತ್ತು. ಆದರೆ ಅದಕ್ಕಿಂತ ಮುಂಚೆ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ, ‘ಪಕ್’ ಎಂಬ ಅಮೆರಿಕದ ಹಾಸ್ಯಪತ್ರಿಕೆಯ ಮುಖಪುಟದಲ್ಲಿ ಸಾಂಟಾ ಕೆಂಪು ಉಡುಪಿನಲ್ಲಿ ಕಾಣಿಸಿಕೊಂಡಿದ್ದ. ತಂಪುಪಾನೀಯದ ಜಾಹೀರಾತಿನಲ್ಲಿ ಅವನನ್ನು ಬಳಸಿದ್ದರಲ್ಲಿಯೂ ಕೋಕಾ-ಕೋಲಾ ಮೊದಲಿನದಲ್ಲ. ವೈಟ್ ರಾಕ್ ಎಂಬ ಕಂಪನಿ 1915ರಲ್ಲಿ ಖನಿಜಯುಕ್ತ ನೀರನ್ನೂ 1923ರಲ್ಲಿ ಶುಂಠಿಯ ಪಾನೀಯವನ್ನೂ ಅವನ ಹೆಸರಿನಲ್ಲಿಯೇ ಮಾರಲು ಹೊರಟಿತ್ತು.

ಇನ್ನೂ ಹಿಂದಕ್ಕೆ ಹೋದರೆ ಸಿಗುವವನು ಥಾಮಸ್ ನ್ಯಾಸ್ಟ್. ಜರ್ಮನಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಹೆಸರು ಮಾಡಿದ ಈ ವ್ಯಂಗ್ಯಚಿತ್ರಕಾರನ ಮೊದಲ ಸಾಂಟಾ ‘ಹಾರ್ಪರ್ಸ್ ವೀಕ್ಲಿ’ಯ 1863ರ ಜನವರಿ ಸಂಚಿಕೆಯಲ್ಲಿ ಅಚ್ಚಾದ. ಅಂತರ್ಯುದ್ಧದ ಕಾಲವಾದ್ದರಿಂದ ಆ ಸಾಂಟಾ ಉತ್ತರದ ರಾಜ್ಯಗಳ ಸೈನಿಕರ ಪಾಳೆಯದಲ್ಲಿ ಕುಳಿತು ಉಡುಗೊರೆ ಹಂಚುತ್ತಿದ್ದಾನೆ, ಮತ್ತು ಅವನು ತೊಟ್ಟಿರುವುದು ನಕ್ಷತ್ರ ಹಾಗೂ ಪಟ್ಟೆಗಳಿರುವ ಬಾವುಟದ ಉಡುಪು. ಇಂದು ನಾವು ಗುರುತಿಸುವ ದುಂಡುಹೊಟ್ಟೆಯ, ಬಿಳಿಗಡ್ಡದ ಮುದುಕ ಅದೇ ನ್ಯಾಸ್ಟ್‌ನ 1881ರ ಚಿತ್ರದಲ್ಲಿ ಪೂರ್ತಿಯಾಗಿ ಮೈತಳೆದಿದ್ದಾನೆ. ಅದಕ್ಕೂ ಮೊದಲು, 1823ರ ಡಿಸೆಂಬರ್ 23ರಂದು ನ್ಯೂಯಾರ್ಕ್ ರಾಜ್ಯದ ಟ್ರಾಯ್ ಎಂಬ ಊರಿನ ಪತ್ರಿಕೆಯೊಂದರಲ್ಲಿ, ಬರೆದವರ ಹೆಸರಿಲ್ಲದೆ ಪ್ರಕಟವಾದ ಪ್ರಸಿದ್ಧ ಕವಿತೆಯಲ್ಲಿ ಅವನಿನ್ನೂ ಗಿಡ್ಡದೇಹದ ಯಕ್ಷನಂಥವನು. ತಲೆಯಿಂದ ಕಾಲಿನವರೆಗೆ ಅವನದು ತುಪ್ಪಳದ ಉಡುಪು, ಅದಕ್ಕೆಲ್ಲ ಬೂದಿಮಸಿ. ಬಣ್ಣದ ಮಾತೇ ಅಲ್ಲಿಲ್ಲ.

ಹಾಗೆಂದು ಕೋಕಾ-ಕೋಲಾದ ಪಾಲು ಸಣ್ಣದೇನಲ್ಲ. ಸಂಡ್‌ಬ್ಲಮ್ 1964ರವರೆಗೆ ಮತ್ತೆ ಮತ್ತೆ ಬರೆದ ಆ ಮುಖವೇ ಲೋಕಕ್ಕೆಲ್ಲ ಹರಡಿತು. ‘ತೊಡಿಸಿದವರು ಯಾರು’ ಎಂಬುದನ್ನು ಬಿಟ್ಟು ‘1931ರಿಂದ ಕೋಕಾ-ಕೋಲಾಕ್ಕಾಗಿ ಸಾಂಟಾನನ್ನು ಚಿತ್ರಿಸಿದ ಕಲಾವಿದ ಯಾರು’ ಎಂದು ಕೇಳಿದರೆ ಯಾರೂ ಎದ್ದು ನಿಲ್ಲಲಾರರು. ನನ್ನ ಅನುಭವದಲ್ಲಿ, ‘ಮೊದಲ’ ಎಂಬ ಪದವಿರುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಜಗಳಕ್ಕೆ ದಾರಿ.

ಬೆಳ್ಳಿಚುಕ್ಕಿ:

ತಮ್ಮ ಎರಡನೆಯ ಪ್ರಶ್ನೆಗೂ ಅದೇ ‘ಮೊದಲ’ ಎಂಬ ಪದವೇ ತೊಡಕು. 1965ರ ಡಿಸೆಂಬರ್ 16ರಂದು ಅಮೆರಿಕದ ಜೆಮಿನಿ 6 ಬಾಹ್ಯಾಕಾಶ ನೌಕೆಯಲ್ಲಿದ್ದ ವಾಲಿ ಶಿರಾ ಮತ್ತು ಟಾಮ್ ಸ್ಟಾಫರ್ಡ್ ಭೂಮಿಗೆ ಮರಳುವ ಮುನ್ನ ಒಂದು ತಮಾಷೆ ಮಾಡಿದರು. ಉತ್ತರದಿಂದ ದಕ್ಷಿಣಕ್ಕೆ, ಬಹಳ ಕೆಳಮಟ್ಟದಲ್ಲಿ, ಉಪಗ್ರಹದಂಥದ್ದೊಂದು ಸಾಗುತ್ತಿರುವುದು ಕಾಣುತ್ತಿದೆಯೆಂದು ಅವರು ಗಂಭೀರವಾಗಿ ವರದಿ ಮಾಡಿದಾಗ, ಕೆಳಗೆ ನಿಯಂತ್ರಣ ಕೇಂದ್ರದಲ್ಲಿದ್ದವರು ಕಿವಿ ನಿಮಿರಿಸಿದ್ದರೆ ಆಶ್ಚರ್ಯವಿಲ್ಲ. ಮರುಕ್ಷಣವೇ ರೇಡಿಯೋದಲ್ಲಿ ಮೌತ್ ಆರ್ಗನ್ ಮತ್ತು ಕಿರುಗೆಜ್ಜೆಗಳ ಸದ್ದಿನೊಂದಿಗೆ ಜಿಂಗಲ್ ಬೆಲ್ಸ್ ಕೇಳಿಬಂತು. ಶಿರಾ ಗುಟ್ಟಾಗಿ ಒಯ್ದಿದ್ದ ಆ ಮೌತ್ ಆರ್ಗನ್‌ಗೆ ಇದ್ದದ್ದು ನಾಲ್ಕೇ ತೂತು; ಬೆರಳಿನ ಎರಡು ಗೆಣ್ಣುಗಳ ನಡುವೆ ಅಡಗಿಸಬಹುದಾದಷ್ಟು ಚಿಕ್ಕದು. ಅದನ್ನೂ ಆ ಗೆಜ್ಜೆಗಳನ್ನೂ ಈಗ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ವಾಯು-ಬಾಹ್ಯಾಕಾಶ ವಸ್ತುಸಂಗ್ರಹಾಲಯ ಕಾಪಾಡಿಕೊಂಡಿದೆ.

ಆದರೆ ಇದು ಬಾಹ್ಯಾಕಾಶದಲ್ಲಿ ವಾದ್ಯದ ಮೇಲೆ ನುಡಿಸಿದ ಮೊದಲ ಹಾಡು ಮಾತ್ರ. ಮೂರು ವರ್ಷ ಮೊದಲೇ, 1962ರ ಆಗಸ್ಟ್‌ನಲ್ಲಿ, ಸೋವಿಯತ್ ಒಕ್ಕೂಟದ ವೊಸ್ತೊಕ್ 4 ನೌಕೆಯಲ್ಲಿ ಗಗನಯಾತ್ರಿ ಪಾವೆಲ್ ಪೊಪೊವಿಚ್ ಉಕ್ರೇನಿ ಭಾಷೆಯ ಹಾಡೊಂದನ್ನು ಬಾಯಿಯಲ್ಲೇ ಹಾಡಿದ್ದ. ಆದ್ದರಿಂದ ಪ್ರಶ್ನೆಯಲ್ಲಿ ‘ವಾದ್ಯದಲ್ಲಿ ನುಡಿಸಿದ’ ಎಂದು ಸೇರಿಸಿಕೊಳ್ಳಬೇಕು.

ಅಂದಹಾಗೆ, ಜಿಂಗಲ್ ಬೆಲ್ಸ್ ಹಾಡಿನ ಸಾಹಿತ್ಯದಲ್ಲಿ ಕ್ರಿಸ್‌ಮಸ್ ಎಂಬ ಪದ ಎಲ್ಲಿಯೂ ಬರುವುದಿಲ್ಲ. ಜೇಮ್ಸ್ ಪಿಯರ್‌ಪಾಂಟ್ 1857ರಲ್ಲಿ ಬಾಸ್ಟನ್ನಿನಲ್ಲಿ ಪ್ರಕಟಿಸಿದ ಈ ಹಾಡು, ಹಿಮದ ಮೇಲೆ ಜಾರುವ ಒಂಟಿ ಕುದುರೆಯ ಬಂಡಿಯ ಹೆಸರನ್ನೇ ಹೊತ್ತು ಹೊರಬಂದಿತ್ತು. ಹುಡುಗಿಯೊಬ್ಬಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಂಡಿ ಓಡಿಸಿ, ಹಿಮದ ರಾಶಿಗೆ ಮಗುಚಿ ಬೀಳುವವನ ಹಾಡು ಅದು. ಎರಡನೆಯ ಚರಣವನ್ನು ನಾವು ಶಾಲೆಯಲ್ಲಿ ಹಾಡಲೇ ಇಲ್ಲವಾದ್ದರಿಂದ ಇದು ನನಗೆ ತಿಳಿದದ್ದು ತೀರ ತಡವಾಗಿ.

ಹಳೆಯಪುಟ:

ಉಳಿದವುಗಳನ್ನೂ ನೋಡಿಬಿಡೋಣ. ಇಂಗ್ಲೆಂಡಿನ ಪಾರ್ಲಿಮೆಂಟು ಕ್ರಿಸ್‌ಮಸ್ ಆಚರಣೆಯನ್ನು ರದ್ದುಪಡಿಸಿದ್ದು 1647ರಲ್ಲಿ. ಕ್ರಾಮ್‌ವೆಲ್ ಲಾರ್ಡ್ ಪ್ರೊಟೆಕ್ಟರ್, ಅಂದರೆ ದೊರೆಯಿಲ್ಲದ ಆ ಕಾಲದ ಆಡಳಿತದ ಮುಖ್ಯಸ್ಥ, ಆಗಿ ಅಧಿಕಾರ ಹಿಡಿದದ್ದು 1653ರಲ್ಲಿ. ಅವನಿಗೆ ಆ ನಿಷೇಧ ಒಪ್ಪಿಗೆಯಾಗಿತ್ತೆಂಬುದು ನಿಜವಾದರೂ, ‘ಅವನೇ ನಿಷೇಧಿಸಿದ’ ಎಂದರೆ ಪ್ಯೂರಿಟನ್ನರ (ಕಟ್ಟುನಿಟ್ಟಿನ ಪ್ರಾಟೆಸ್ಟಂಟರ) ಒಂದಿಡೀ ಪಾರ್ಲಿಮೆಂಟಿನ ಕೆಲಸವನ್ನು ಒಬ್ಬನ ತಲೆಗೆ ಕಟ್ಟಿದಂತೆ. ಅದೇ ವರ್ಷದ ಕ್ರಿಸ್‌ಮಸ್ ದಿನ ಅಂಗಡಿ ತೆರೆಯಲೇಬೇಕೆಂಬ ಆಜ್ಞೆಯ ವಿರುದ್ಧ ಕ್ಯಾಂಟರ್‌ಬರಿಯಲ್ಲಿ ಜನ ದಂಗೆಯೆದ್ದರು. ತಮಗೆ ಗಟ್ಟಿಯಾದ ಪ್ರಶ್ನೆ ಬೇಕಿದ್ದರೆ ಅಟ್ಲಾಂಟಿಕ್ ದಾಟುವುದು ಲೇಸು: ಮ್ಯಾಸಚೂಸೆಟ್ಸ್ ವಸಾಹತು 1659ರಲ್ಲಿ ಕಾನೂನು ಮಾಡಿ, ಆ ದಿನ ಕೆಲಸ ಬಿಟ್ಟವರಿಗೂ ಔತಣ ಮಾಡಿದವರಿಗೂ ಐದು ಶಿಲ್ಲಿಂಗ್ ದಂಡ ವಿಧಿಸಿತು, ಮತ್ತು 1681ರಲ್ಲಿ ಅದನ್ನು ಹಿಂತೆಗೆದುಕೊಂಡಿತು.

ಮರದ ವಿಚಾರದಲ್ಲಿ ಆಲ್ಬರ್ಟ್‌ನಿಗಿಂತ ಮುಂಚೆಯೇ ಮೂರನೆಯ ಜಾರ್ಜ್ ದೊರೆಯ ಜರ್ಮನ್ ಮಡದಿ ರಾಣಿ ಷಾರ್ಲಟ್ 1800ರಲ್ಲಿ ವಿಂಡ್ಸರ್‌ನಲ್ಲಿ ಮಕ್ಕಳಿಗಾಗಿ ಮರವೊಂದನ್ನು ಸಿಂಗರಿಸಿದ್ದಳು. ಆಲ್ಬರ್ಟ್ ಮತ್ತು ವಿಕ್ಟೋರಿಯಾ ಅದನ್ನು ಮನೆಮಾತಾಗಿಸಿದರು. 1848ರಲ್ಲಿ ‘ಇಲಸ್ಟ್ರೇಟೆಡ್ ಲಂಡನ್ ನ್ಯೂಸ್’ ಅವರ ಕುಟುಂಬ ಮರದ ಸುತ್ತ ನಿಂತಿರುವ ಚಿತ್ರವನ್ನು ಅಚ್ಚುಮಾಡಿತು. ಎರಡು ವರ್ಷಗಳ ನಂತರ ಅದೇ ಚಿತ್ರವನ್ನು ಅಮೆರಿಕದ ಮಹಿಳಾ ಪತ್ರಿಕೆಯೊಂದು ಮರುಮುದ್ರಿಸುವಾಗ ರಾಣಿಯ ಕಿರೀಟವನ್ನೂ ಆಲ್ಬರ್ಟ್‌ನ ಮೀಸೆಯನ್ನೂ ಅಳಿಸಿ, ಅವರನ್ನು ಸಾಮಾನ್ಯ ಅಮೆರಿಕನ್ ಸಂಸಾರಸ್ಥರನ್ನಾಗಿ ಮಾಡಿಬಿಟ್ಟಿತು. ನಾನಾಗಿದ್ದರೆ ಆ ಎರಡು ಚಿತ್ರಗಳನ್ನು ಪರದೆಯ ಮೇಲೆ ಅಕ್ಕಪಕ್ಕ ತೋರಿಸಿ, ಏನೇನು ಕಾಣೆಯಾಗಿದೆ ಎಂದು ಕೇಳುತ್ತಿದ್ದೆ.

ಹಿಮಸಾರಂಗಗಳು ನಾನು ಮೊದಲು ಹೇಳಿದ 1823ರ ಕವಿತೆಯಲ್ಲಿ ಎಂಟೇ. ಒಂಬತ್ತನೆಯದಾದ ಕೆಂಪುಮೂಗಿನ ರುಡಾಲ್ಫ್, 1939ರಲ್ಲಿ ಶಿಕಾಗೋದ ಮಾಂಟ್ಗಮರಿ ವಾರ್ಡ್ ಮಳಿಗೆಯು ಗಿರಾಕಿಗಳ ಮಕ್ಕಳಿಗೆ ಉಚಿತವಾಗಿ ಹಂಚಿದ ಕಥೆಪುಸ್ತಕದಲ್ಲಿ ಹುಟ್ಟಿದ್ದು. ಬರೆದವರು ಅಲ್ಲಿನ ಜಾಹೀರಾತು ವಿಭಾಗದ ರಾಬರ್ಟ್ ಮೇ.

ಕಡಲಮಗಳು:

ನಾನು ಮಂಗಳೂರಿನವಳು. ತಮ್ಮ ಐದೂ ಪ್ರಶ್ನೆಗಳು ಇಂಗ್ಲೆಂಡ್ ಮತ್ತು ಅಮೆರಿಕಕ್ಕೆ ಸೇರಿದವು. ನಮ್ಮ ಕರಾವಳಿಗೂ ಒಂದು ಅವಕಾಶ ಕೊಡಬಹುದಲ್ಲವೇ? ಕ್ರಿಸ್‌ಮಸ್‌ಗೆಂದು ಇಲ್ಲಿನ ಕ್ಯಾಥೋಲಿಕ್ ಮನೆಗಳಲ್ಲಿ ಮಾಡುವ ತಿಂಡಿಗಳ ಗೊಂಚಲನ್ನು ಒಟ್ಟಾಗಿ ಏನೆನ್ನುತ್ತಾರೆ ಎಂದು ಕೇಳಿ, ಉತ್ತರ ‘ಕುಸ್ವಾರ್’. ಅದರಲ್ಲಿ ಕಿಡಿಯೊ ಎಂಬುದೊಂದಿದೆ. ಹಿಟ್ಟಿನ ಸಣ್ಣ ಉಂಡೆಯನ್ನು ಹೊಸ ಬಾಚಣಿಗೆಯ ಹಲ್ಲುಗಳ ಮೇಲೆ ಹೆಬ್ಬೆರಳಿನಿಂದ ಒತ್ತಿ ಸುರುಳಿ ಸುತ್ತಿದರೆ ಮೈಮೇಲೆ ಗೆರೆ ಮೂಡುತ್ತದೆ. ಕರಿದು ಸಕ್ಕರೆ ಪಾಕದಲ್ಲಿ ಹೊರಳಿಸಿದರೆ ತಿಂಡಿ ಸಿದ್ಧ. ಆ ಗೆರೆಗಳಿಂದಲೇ ಅದಕ್ಕೆ ಕೊಂಕಣಿಯಲ್ಲಿ ‘ಹುಳುಗಳು’ ಎಂಬ ಅರ್ಥದ ಹೆಸರು. ಚಿಕ್ಕಂದಿನಲ್ಲಿ ಬಾಚಣಿಗೆ ಸಾಲದೆ ಬಂದಾಗ ನಮಗೆ ಕೊಡುತ್ತಿದ್ದದ್ದು ಫೋರ್ಕ್. ಅದರಲ್ಲಿ ಗೆರೆಗಳು ಮೂರೋ ನಾಲ್ಕೋ ಮಾತ್ರ ಬೀಳುತ್ತಿದ್ದುದರಿಂದ ಅಜ್ಜಿ ಅವನ್ನು ಬೇರೆ ತಟ್ಟೆಯಲ್ಲಿಡುತ್ತಿದ್ದರು.

ಓದುಕಟ್ಟೆ:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಐದರಲ್ಲಿ ಒಂದೂ ಇದ್ದ ಹಾಗೆಯೇ ಉಳಿಯಲಿಲ್ಲವೆಂಬುದನ್ನು ನೋಡಿ ನಗು ಬಂತು. ಸಾಂಟಾನ ಪ್ರಶ್ನೆಯನ್ನು ಸಂಡ್‌ಬ್ಲಮ್‌ನ ಹೆಸರಿಗೆ ತಿರುಗಿಸಿದ್ದೇನೆ, ಜಿಂಗಲ್ ಬೆಲ್ಸ್‌ಗೆ ವಾದ್ಯ ಸೇರಿಸಿದ್ದೇನೆ, ಕ್ರಾಮ್‌ವೆಲ್‌ನನ್ನು ಕೈಬಿಟ್ಟು ಐದು ಶಿಲ್ಲಿಂಗ್ ದಂಡವನ್ನು ತೆಗೆದುಕೊಂಡಿದ್ದೇನೆ. ಮೀಸೆ ಅಳಿಸಿದ ಚಿತ್ರ ಸಿಕ್ಕಿತು. ಕುಸ್ವಾರ್ ಆರನೆಯ ಪ್ರಶ್ನೆ. ಕಳೆದ ವರ್ಷ ಎದ್ದು ನಿಂತ ಅಧ್ಯಾಪಕರ ಮನೆಗೆ ನಿನ್ನೆ ಸಂಜೆ ಹೋಗಿ, ಈ ಸಲ ತೀರ್ಪುಗಾರರಾಗಿ ಬರಬೇಕೆಂದು ಕೇಳಿಕೊಂಡೆ. ಅವರು ಒಪ್ಪಿದರು. ಬಾಗಿಲವರೆಗೆ ಬಂದು, ಆ ಹತ್ತು ಅಂಕ ನನಗಿನ್ನೂ ನೆನಪಿದೆ ಎಂದೂ ಹೇಳಿದರು.